ನಡೆದು ಹೋಗಿ ನೋಡುತ್ತಿದ್ದ ಸಿನಿಮಾ

ಕಾವೇರಿ ಥಿಯೇಟರಿನ ಒಳಗೆ ಬಿಸಿಲು ಬಿದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಅದನ್ನು ಒಡೆಯುತ್ತಿದ್ದಾಗ. 2024ರ ಬೇಸಿಗೆ. ಏಪ್ರಿಲ್‌ನಲ್ಲಿ ಆಟ ನಿಂತಿತ್ತು. ರಸ್ತೆಯ ಕಡೆಗೆ ತಗಡು ಶೀಟು ಕಟ್ಟಿದ್ದರು. ಎರಡು ಶೀಟುಗಳ ನಡುವೆ ಒಂದು ಗೇಣು ಸಂದು. ಅದರೊಳಗಿಂದ ಇಣುಕಿದರೆ, ಮೇಲಿನ ಚಾವಣಿ ಅರ್ಧ ಹೋಗಿ, ನೆಲದ ಇಳಿಜಾರು ಪೂರ್ತಿ ಬಿಸಿಲಿನಲ್ಲಿ ಮಲಗಿತ್ತು. ಕುರ್ಚಿ ಕಿತ್ತ ಜಾಗಗಳಲ್ಲಿ ಸಾಲು ಸಾಲು ತೂತು. ಆ ಇಳಿಜಾರು ಅಷ್ಟೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಕಾಲಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಟಾರ್ಚಿನವನ ಬೆಳಕು ಇನ್ನೊಬ್ಬರಿಗೆ ಜಾಗ ತೋರಿಸಲು ಹೋದಾಗ, ಅಮ್ಮನ ಸೆರಗು ಹಿಡಿದುಕೊಂಡು ಆ ಇಳಿಜಾರಿನಲ್ಲಿ ಎಷ್ಟು ಸಲ ಜಾರಿದ್ದೇನೋ.

ಹಿಂದಿನ ಗೋಡೆ ಇನ್ನೂ ನಿಂತಿತ್ತು. ಅದರ ಎತ್ತರದಲ್ಲಿ ಚೌಕನೆಯ ಪುಟ್ಟ ಕಿಂಡಿಗಳು, ಯಂತ್ರದ ಬೆಳಕು ಹೊರಗೆ ಬರುತ್ತಿದ್ದ ಕಿಂಡಿಗಳು. ಅವುಗಳ ಹಿಂದೆ ಕೋಣೆ ಇರಲಿಲ್ಲ. ಆಕಾಶ ಕಾಣುತ್ತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯರು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಮಾತಾಡದೆ ಹತ್ತು ನಿಮಿಷ ನೋಡಿದರು. ಹೊರಡುವಾಗ ಯಾರಿಗೂ ಅಲ್ಲದ ಹಾಗೆ, "ಐವತ್ತು ವರ್ಷ ಆಯ್ತಲ್ಲ" ಅಂದರು. ಲೆಕ್ಕ ಸರಿಯಾಗಿತ್ತು. ಕಾವೇರಿ ಬಾಗಿಲು ತೆರೆದದ್ದು 1974ರ ಜನವರಿ 11ರಂದು.

ಬೆಂಗಳೂರು ಗೊತ್ತಿಲ್ಲದವರಿಗೆ ಈ ಥಿಯೇಟರ್ ನಿಂತಿದ್ದ ಜಾಗವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅದರ ಅರ್ಧ ಕಥೆ ಇರುವುದು ಅಲ್ಲೇ. ಬಳ್ಳಾರಿ ರಸ್ತೆ, ಸ್ಯಾಂಕಿ ರಸ್ತೆ ಕೂಡುವಲ್ಲಿ ಅದು ಇತ್ತು. ಒಂದು ಕಡೆ ಅರಮನೆ ಮೈದಾನದ ಕಾಂಪೌಂಡು. ಇನ್ನೊಂದು ಕಡೆ ಸದಾಶಿವನಗರ: ಅಗಲ ರಸ್ತೆ, ಮರದ ನೆರಳು, ಗೇಟಿನ ಹಿಂದೆ ಗೇಟು, ಮಂತ್ರಿಗಳ ಮನೆ, ಸಿನಿಮಾ ನಟರ ಮನೆ. ಮತ್ತೊಂದು ಕಡೆ ನಮ್ಮ ಪ್ಯಾಲೇಸ್ ಗುಟ್ಟಹಳ್ಳಿ. ಬಸವನಗುಡಿಯ ಹತ್ತಿರದ ಗವಿಪುರ ಗುಟ್ಟಹಳ್ಳಿ ಬೇರೆ, ಇದು ಬೇರೆ. ನಮ್ಮದು ಹಂಚಿನ ಮನೆ, ವಠಾರ, ಬೀದಿ ನಲ್ಲಿ, ದರ್ಜಿ ಅಂಗಡಿ, ಹೂವಿನವರು, ಹಾಲಿನವರು, ಬಸ್ ಕಂಡಕ್ಟರುಗಳು, ಸರ್ಕಾರಿ ಪ್ರೆಸ್ಸಿನ ನೌಕರರು ಒಬ್ಬರಿಗೊಬ್ಬರು ಅಂಟಿಕೊಂಡು ಬದುಕುತ್ತಿದ್ದ ಕೇರಿ. ಸದಾಶಿವನಗರದವರಿಗೆ ನಮ್ಮ ಗಲ್ಲಿಗೆ ಬರುವ ಕೆಲಸವಿರಲಿಲ್ಲ. ನಮ್ಮ ವಠಾರದ ಕೆಲವು ಹೆಂಗಸರಿಗೆ ಮಾತ್ರ ಅವರ ಮನೆಗಳಿಗೆ ಹೋಗುವ ಕೆಲಸವಿತ್ತು, ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು. ಈ ಎರಡೂ ಲೋಕದವರು ಒಂದೇ ಚಾವಣಿಯ ಕೆಳಗೆ ಮೂರು ಗಂಟೆ ಕೂರುತ್ತಿದ್ದದ್ದು ಕಾವೇರಿಯಲ್ಲಿ. ಟಿಕೆಟ್ಟು ಬೇರೆ ಬೇರೆ, ನಿಜ. ಅವರು ಬಾಲ್ಕನಿ, ನಾವು ಮುಂದಿನ ಬೆಂಚಿನ ಗಾಂಧಿ ಕ್ಲಾಸು. ಆದರೆ ನಗು ಬಂದಾಗ ಮೇಲೂ ಕೆಳಗೂ ಒಂದೇ ಸಲ ಬರುತ್ತಿತ್ತು.

ಅಲ್ಲಿ ಮೊದಲು ಓಡಿದ ಸಿನಿಮಾ 'ಬಂಗಾರದ ಪಂಜರ'. ವಿ. ಸೋಮಶೇಖರ್ ನಿರ್ದೇಶನ, ರಾಜ್‌ಕುಮಾರ್, ಆರತಿ. ಕುರಿ ಕಾಯುವವರ ನಡುವೆ ಬೆಳೆದ ಹುಡುಗ ಶ್ರೀಮಂತರ ಮನೆ ಸೇರಿ, ಆ ಮನೆಯ ಕಟ್ಟುಪಾಡಿನಲ್ಲಿ ಉಸಿರುಕಟ್ಟುವ ಕಥೆ. ಗುಟ್ಟಹಳ್ಳಿಗೂ ಸದಾಶಿವನಗರಕ್ಕೂ ನಡುವೆ ಎದ್ದ ಥಿಯೇಟರಿಗೆ ಅದಕ್ಕಿಂತ ಒಪ್ಪುವ ಮೊದಲ ಸಿನಿಮಾ ಹುಡುಕಿದರೂ ಸಿಗುತ್ತಿರಲಿಲ್ಲ. ಯಾರೂ ಬೇಕೆಂದು ಆರಿಸಿದ್ದಲ್ಲ, ಆ ವಾರ ಬಂದ ಸಿನಿಮಾ ಅದು. ನನಗಾಗ ಐದು ವರ್ಷ. ಅಮ್ಮನಿಗೆ ಇಪ್ಪತ್ತನಾಲ್ಕು. ಹೊಸ ಥಿಯೇಟರು ನೋಡಲೆಂದೇ ವಠಾರಕ್ಕೆ ವಠಾರವೇ ಹೊರಟಿತ್ತಂತೆ. ನನಗೆ ಆ ದಿನದ ನೆನಪಾಗಿ ಉಳಿದಿರುವುದು ತೆರೆಯಲ್ಲ, ವಾಸನೆ. ಹೊಸ ಬಣ್ಣ, ಹೊಸ ರೆಕ್ಸಿನ್ನು, ಅದರ ಮೇಲೆ ಸಾವಿರ ಹೆಂಗಸರ ಮಲ್ಲಿಗೆ. ಸುಮಾರು 1,300 ಜನ ಕೂರಬಹುದಾದ ಹಾಲು ಅದು. ನಮ್ಮ ವಠಾರದಲ್ಲಿ ಹನ್ನೊಂದು ಮನೆ. ಅಷ್ಟೊಂದು ಜನ ಒಟ್ಟಿಗೆ ಸುಮ್ಮನಾಗುವುದನ್ನು ನಾನು ಮೊದಲು ಕೇಳಿಸಿಕೊಂಡದ್ದು ಅಲ್ಲೇ. ಕೇಳಿಸಿಕೊಂಡದ್ದು ಎಂದೇ ಬರೆಯುತ್ತೇನೆ. ದೀಪ ಆರುವಾಗ ಆ ಮೌನ ಹಿಂದಿನ ಸಾಲಿನಿಂದ ಮುಂದಕ್ಕೆ ಬರುತ್ತಿತ್ತು.

ವಠಾರದ ಹೆಂಗಸರ ಮ್ಯಾಟ್ನಿ ಒಂದು ದೊಡ್ಡ ಏರ್ಪಾಟು. ಬುಧವಾರವೋ ಗುರುವಾರವೋ, ಗಂಡಸರು ಕೆಲಸಕ್ಕೆ ಹೋಗಿರುವ ದಿನ. ಬೆಳಿಗ್ಗೆ ನಲ್ಲಿಯ ಹತ್ತಿರ ಕಣ್ಸನ್ನೆಯಲ್ಲೇ ಮಾತು ಮುಗಿಯುತ್ತಿತ್ತು. ಹನ್ನೊಂದಕ್ಕೆ ಸಾರು ಇಳಿಸಿ, ಅನ್ನ ಬಸಿದು, ಒಂದೂವರೆಗೆ ಎಲ್ಲರೂ ಬೀದಿಯ ಬಾಯಲ್ಲಿ ನೆರೆಯುತ್ತಿದ್ದರು. ಕೊನೆಮನೆ ಅತ್ತೆಯ ಕೈಯಲ್ಲಿ ಯಾವಾಗಲೂ ಒಂದು ಬಟ್ಟೆ ಚೀಲ, ಅದರಲ್ಲಿ ಹುರಿದ ಕಡಲೆಕಾಯಿ, ಒಂದು ಸೀಸೆ ನೀರು, ಮಗುವಿಗೆ ಬದಲಿಸಲು ಬಟ್ಟೆ. ಹೆಂಗಸರ ಸಾಲು ಬೇರೆ ಇರುತ್ತಿದ್ದದ್ದರಿಂದ ಟಿಕೆಟ್ಟು ಬೇಗ ಸಿಗುತ್ತಿತ್ತು. ಕಾಲೇಜು ಹುಡುಗರು ಓಡಿಬಂದು, "ಅಕ್ಕಾ, ನಮಗೂ ಎರಡು ತಗೊಳ್ಳಿ ಅಕ್ಕಾ" ಎಂದು ದುಡ್ಡು ನೀಡುತ್ತಿದ್ದರು. ಅಮ್ಮ ಆ ದುಡ್ಡನ್ನು ಬೇರೆಯಾಗಿ ಎಡಗೈಯಲ್ಲಿ ಹಿಡಿದು, ಚಿಲ್ಲರೆಯ ಸಮೇತ ಲೆಕ್ಕ ಒಪ್ಪಿಸುತ್ತಿದ್ದಳು. ಮನೆಯ ಹೊರಗೆ ನನ್ನಮ್ಮನಿಗೆ ಪರಗಂಡಸರ ಜೊತೆ ದುಡ್ಡಿನ ವ್ಯವಹಾರ ಇದ್ದದ್ದು ಅದೊಂದೇ ಕಡೆ. ಅವಳ ಮುಖದಲ್ಲಿ ಆಗ ಇರುತ್ತಿದ್ದ ಠೀವಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಒಳಗೆ ಕತ್ತಲೆ. ಅಲ್ಲಿ ಅತ್ತೆ, ಸೊಸೆ, ಬಾಡಿಗೆಯವರು, ಮನೆ ಓನರಮ್ಮ ಎಲ್ಲ ಒಂದೇ ಸಾಲು. ಮನೆಯಲ್ಲಿ ಅಳುವುದಕ್ಕೆ ಕಾರಣ ಹೇಳಬೇಕಿತ್ತು, ಇಲ್ಲಿ ಬೇಡ. ತೆರೆಯ ಮೇಲಿನ ತಾಯಿಗೆ ಅಳುತ್ತಿದ್ದಾರೋ, ತಮಗೇ ಅಳುತ್ತಿದ್ದಾರೋ ಯಾರೂ ಕೇಳುತ್ತಿರಲಿಲ್ಲ. ಇಂಟರ್ವಲ್‌ನಲ್ಲಿ ದೀಪ ಹೊತ್ತಿದಾಗ ಎಲ್ಲರ ಕಣ್ಣೂ ಕೆಂಪು, ಎಲ್ಲರ ಕೈಯಲ್ಲೂ ಕಡಲೆಕಾಯಿ.

ನಮ್ಮ ವಠಾರದಲ್ಲಿ ಒಬ್ಬರು ಮಾಮ ಇದ್ದರು. ಮೆಜೆಸ್ಟಿಕ್ ಕಡೆಯ ಒಂದು ಥಿಯೇಟರಿನಲ್ಲಿ ಆಪರೇಟರ್. ಎಲ್ಲರೂ ಮೆಷಿನ್ ಮಾಮ ಎನ್ನುತ್ತಿದ್ದರು. ರಜೆಯ ದಿನ ಅವರೂ ಕಾವೇರಿಗೆ ಬರುತ್ತಿದ್ದರು, ಆದರೆ ಸಿನಿಮಾ ನೋಡುತ್ತಿರಲಿಲ್ಲ. ಕುತ್ತಿಗೆ ತಿರುಗಿಸಿ, ನಮ್ಮ ತಲೆಯ ಮೇಲೆ ಹಾದುಹೋಗುವ ಬೆಳಕಿನ ಕೋಲನ್ನು ನೋಡುತ್ತಿದ್ದರು. "ಕಾರ್ಬನ್ ಸರಿಯಾಗಿ ಹಿಡಿದಿದಾನೆ" ಎಂದು ಮೆಚ್ಚುವರು. ಇಲ್ಲವೇ, ತೆರೆ ಸ್ವಲ್ಪ ಕೆಂಪಗಾದರೆ ಸಾಕು, "ಏಯ್, ಗ್ಯಾಪ್ ಜಾಸ್ತಿ ಆಯ್ತು ಕಣೋ" ಎಂದು ಕೂತಲ್ಲೇ ಚಡಪಡಿಸುವರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಸಿಳ್ಳೆ ಶುರುವಾಗಿರುತ್ತಿತ್ತು.

ಆ ಬೆಳಕು ಹುಟ್ಟುವ ಬಗೆಯನ್ನು ಮಾಮ ನನಗೆ ವಠಾರದ ಕಟ್ಟೆಯ ಮೇಲೆ ಎರಡು ಪೆನ್ಸಿಲ್ ಹಿಡಿದು ತೋರಿಸಿದ್ದರು. ಎರಡು ಕಾರ್ಬನ್ ಕಡ್ಡಿ, ಒಂದರ ತುದಿಗೆ ಇನ್ನೊಂದು. ಒಮ್ಮೆ ಮುಟ್ಟಿಸಿ ಸ್ವಲ್ಪ ದೂರ ಎಳೆದರೆ ನಡುವೆ ಕಣ್ಣು ಕುಕ್ಕುವ ಉರಿ ಹತ್ತುತ್ತದೆ. ಕಡ್ಡಿ ಉರಿದು ಸವೆದಂತೆ ನಡುವಿನ ಅಂತರ ಹೆಚ್ಚುತ್ತದೆ. ಅದನ್ನು ಸರಿಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಬೆಳಕು ಕಂದುತ್ತದೆ. ಸಿನಿಮಾ ಎಂದರೆ ಸೆಕೆಂಡಿಗೆ 24 ಚಿತ್ರ. ಒಂದು ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ. ಎರಡೂವರೆ ಗಂಟೆಯ ಸಿನಿಮಾಕ್ಕೆ ಹದಿಮೂರು ಸಾವಿರ ಅಡಿಗೂ ಮಿಕ್ಕಿದ ಫಿಲ್ಮು, ಎಂದರೆ ಸುಮಾರು ನಾಲ್ಕು ಕಿಲೋಮೀಟರು. "ಇಲ್ಲಿಂದ ಮೆಜೆಸ್ಟಿಕ್‌ವರೆಗೆ ಹಾಸಬಹುದು ಪುಟ್ಟಿ" ಎಂದಿದ್ದರು. ಅವರು ದಿನವೂ ಸೈಕಲ್ ತುಳಿಯುತ್ತಿದ್ದ ದಾರಿ ಅದು.

ಇನ್ನೊಂದು ಗುಟ್ಟನ್ನೂ ಹೇಳಿಕೊಟ್ಟರು. ಕೋಣೆಯಲ್ಲಿ ಎರಡು ಮೆಷಿನ್ ಇರುತ್ತದೆ. ಒಂದರ ರೀಲು ಮುಗಿಯುವ ಕ್ಷಣಕ್ಕೆ ಸರಿಯಾಗಿ ಇನ್ನೊಂದು ಶುರುವಾಗಬೇಕು, ನೋಡುವವರಿಗೆ ತಿಳಿಯಬಾರದು. ಅದಕ್ಕಾಗಿ ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ, ಬರೀ ನಾಲ್ಕು ಚಿತ್ರದಷ್ಟು ಹೊತ್ತು. ಆಗ ಎರಡನೇ ಮೆಷಿನ್ನಿನ ಮೋಟಾರು ಹಾಕಬೇಕು. ಕೆಲವು ಸೆಕೆಂಡು ಬಿಟ್ಟು ಇನ್ನೊಂದು ಚುಕ್ಕೆ. ಆಗ ಬೆಳಕು ಬದಲಿಸಬೇಕು. ನಾಯಕ ನಾಯಕಿಯನ್ನು ಅಪ್ಪಿಕೊಂಡಿರಲಿ, ಖಳ ಕತ್ತಿ ಎತ್ತಿರಲಿ, ಮಾಮನ ಕಣ್ಣು ಆ ಮೂಲೆಯಲ್ಲಿ. ಅದನ್ನು ಕಲಿತ ಮೇಲೆ ನನಗೂ ಆ ಚುಕ್ಕೆ ಕಾಣತೊಡಗಿತು. ಕಾವೇರಿಯಲ್ಲಿ ಚುಕ್ಕೆ ಮಿಂಚಿದಾಗಲೆಲ್ಲ ಹಿಂದಕ್ಕೆ ತಿರುಗಿ ಆ ಚೌಕ ಕಿಂಡಿಗಳನ್ನು ನೋಡುವೆ. ಒಂದು ಕಿಂಡಿ ಕತ್ತಲಾಗಿ ಪಕ್ಕದ್ದು ಬೆಳಗುತ್ತಿತ್ತು. ಅಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅವನು ನಮಗಾಗಿ ಕಾದು ನಿಂತಿದ್ದಾನೆ ಎಂದು ಗೊತ್ತಾಗುತ್ತಿತ್ತು. ಥಿಯೇಟರಿನಲ್ಲಿ ಕೂತ ಆ ನೂರಾರು ಮಂದಿಯಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ ಎಂದು ಎಷ್ಟು ಹೆಮ್ಮೆ!

ಮಾಮ ತರುತ್ತಿದ್ದ ಕಾರ್ಬನ್ ತುಂಡುಗಳಿಂದ ನಾವು ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆಯುತ್ತಿದ್ದೆವು. ಹೊರಗೆ ತೆಳು ತಾಮ್ರದ ಲೇಪ, ಒಳಗೆ ಮಸಿ. ಆಡಿ ಮುಗಿದ ಮೇಲೆ ಬೆರಳೆಲ್ಲ ಕಪ್ಪು. ಕತ್ತರಿಸಿದ ಫಿಲ್ಮಿನ ಚೂರುಗಳೂ ಬರುತ್ತಿದ್ದವು. ಉರಿದುಹೋದ ಬಲ್ಬಿನ ಬುಡ ಬಿಡಿಸಿ, ನೀರು ತುಂಬಿ, ರಟ್ಟಿನ ಡಬ್ಬಕ್ಕೆ ಸಿಕ್ಕಿಸಿ, ಕನ್ನಡಿಯಿಂದ ಬಿಸಿಲು ಹಾಯಿಸಿದರೆ ಕೊನೆಮನೆ ಅತ್ತೆಯ ಸುಣ್ಣದ ಗೋಡೆಯ ಮೇಲೆ ರಾಜ್‌ಕುಮಾರ್ ತಲೆಕೆಳಗಾಗಿ ನಿಲ್ಲುತ್ತಿದ್ದರು. ಚೂರನ್ನು ತಿರುಗಿಸಿ ಹಿಡಿದರೆ ನೆಟ್ಟಗೆ. ನೋಡಲು ಐದು ಪೈಸೆ, ದುಡ್ಡಿಲ್ಲದವರಿಗೆ ಒಂದು ಹಿಡಿ ಹುರಿಗಡಲೆ.

ಈ ಎಲ್ಲಕ್ಕಿಂತ ನನಗೆ ಮುಖ್ಯವಾಗಿ ಉಳಿದಿರುವುದು ಆಟ ಬಿಟ್ಟ ಮೇಲಿನ ದಾರಿ. ನಾವು ನಡೆದು ಹೋಗಿ ಸಿನಿಮಾ ನೋಡಿ ನಡೆದು ಬರುತ್ತಿದ್ದವರು. ಹತ್ತು ಹನ್ನೆರಡು ನಿಮಿಷದ ದಾರಿ, ಆದರೆ ಯಾವತ್ತೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಬರುತ್ತಿದ್ದೆವು. ಆ ದಾರಿಯಲ್ಲೇ ಸಿನಿಮಾ ಇನ್ನೊಮ್ಮೆ ನಡೆಯುತ್ತಿತ್ತು. ಒಬ್ಬರು ಕಥೆ ಹೇಳುವರು, ಇನ್ನೊಬ್ಬರು ತಿದ್ದುವರು, ಮತ್ತೊಬ್ಬರು ಹಾಗಾಗಬಾರದಿತ್ತು ಎನ್ನುವರು. ಸೆಕೆಂಡ್ ಶೋ ಆದರೆ ಗಂಡಸರೂ ಜೊತೆಗೆ. ನಡುರಾತ್ರಿ ದಾಟಿರುತ್ತಿತ್ತು, ಬೀದಿ ದೀಪದ ಕೆಳಗೆ ನಾಯಿಗಳು, ಅಪ್ಪನ ಹೆಗಲ ಮೇಲೆ ತಮ್ಮ. ನಾನು ನಿದ್ದೆ ಬಂದವಳಂತೆ ನಟಿಸುತ್ತ ದೊಡ್ಡವರ ಮಾತು ಕೇಳುತ್ತಿದ್ದೆ. ಆ ಮಾತಿನಲ್ಲಿ ಸಿನಿಮಾದ ನೆಪದಲ್ಲಿ ಯಾರ ಮನೆಯ ಕಷ್ಟವೋ ಬಂದು ಹೋಗುತ್ತಿತ್ತು. "ಆ ಸೊಸೆ ಮಾಡಿದ್ದು ಸರಿ ಬಿಡ್ರೀ" ಎಂದು ಕೊನೆಮನೆ ಅತ್ತೆ ಅಂದ ರಾತ್ರಿ, ಅವರ ಸ್ವಂತ ಸೊಸೆ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು. ಅದು ಯಾರಿಗೆ ಹೇಳಿದ ಮಾತೆಂದು ಎಲ್ಲರಿಗೂ ತಿಳಿಯಿತು. ಮನೆ ಬಂದರೂ ಕಥೆ ಮುಗಿಯದಿದ್ದರೆ ವಠಾರದ ಬಾಗಿಲಲ್ಲಿ ನಿಂತು ಮುಗಿಸಿಯೇ ಒಳಗೆ ಹೋಗುವುದು. ಅರ್ಧ ಕಥೆ ಹೊಸ್ತಿಲು ದಾಟಬಾರದು ಎಂದು ಅಮ್ಮ ಹೇಳುತ್ತಿದ್ದಳು. ಅಂಥ ಶಾಸ್ತ್ರ ಎಲ್ಲೂ ಇಲ್ಲ. ಅವಳೇ ಮಾಡಿಕೊಂಡದ್ದು.

ಬೆಂಗಳೂರಿನಲ್ಲಿ ಥಿಯೇಟರುಗಳು ಸಾಯುವುದು ಹೊಸದೇನಲ್ಲ. ಈ ಊರಿನ ನಕ್ಷೆ ತುಂಬ ಇರುವುದು ಸತ್ತ ಥಿಯೇಟರುಗಳ ಹೆಸರೇ. ರಾಜ್ಯದ ಯಾವ ಮೂಲೆಯಿಂದ ಬಸ್ಸು ಹತ್ತಿದರೂ ಕಂಡಕ್ಟರು ಕೂಗುವುದು ಮೆಜೆಸ್ಟಿಕ್, ಮೆಜೆಸ್ಟಿಕ್. ಆ ಹೆಸರು ಕೊಟ್ಟ ಥಿಯೇಟರು ಎಂದೋ ಹೋಯಿತು. ಮಿನರ್ವ ಸರ್ಕಲ್‌ನಲ್ಲಿ ಮಿನರ್ವ ಇಲ್ಲ. ಸ್ವಸ್ತಿಕ್‌ನಲ್ಲಿ ಸ್ವಸ್ತಿಕ್ ಇಲ್ಲ. ಜಯನಗರದಲ್ಲಿ ನಂದಾ ಟಾಕೀಸ್ ರಸ್ತೆ ಇದೆ, ಟಾಕೀಸು ಇಲ್ಲ. 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ ಸ್ಟೇಟ್ಸ್ ಆಮೇಲೆ ಹೆಸರು ಬದಲಿಸಿಕೊಂಡು ಭೂಮಿಕಾ ಆಯಿತು. 1936ರಿಂದ ಇದ್ದ ಎಂ.ಜಿ. ರಸ್ತೆಯ ಪ್ಲಾಜಾ ಮೆಟ್ರೊಗೆ ಜಾಗ ಬಿಟ್ಟುಕೊಟ್ಟಿತು. ಮೊರಾರ್ಜಿ ದೇಸಾಯಿ ಅವರು 1968ರಲ್ಲಿ ಉದ್ಘಾಟಿಸಿದ್ದ ಕಪಾಲಿ, ಅದರ ಆ ಅಗಾಧ ತೆರೆ, 2017ರಲ್ಲಿ ಮುಚ್ಚಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಕೊನೆಯ ಆಟ ತೋರಿಸಿತು. ಮೈಸೂರಿನಲ್ಲಿ, ನಮ್ಮ ಕಾವೇರಿಯ ಓರಗೆಯದ್ದೇ ಆದ ಶಾಂತಲಾ 2020ರಲ್ಲಿ ಹೋಯಿತು. ಇವೆಲ್ಲ ಹೋದಾಗ ನಾನು ಪತ್ರಿಕೆಯಲ್ಲಿ ಓದಿ ಅಯ್ಯೋ ಎಂದುಕೊಂಡವಳು. ಅವು ಪೇಟೆಯ ಥಿಯೇಟರುಗಳು, ಬಸ್ಸು ಹತ್ತಿ ಹಬ್ಬಕ್ಕೆ ಹೋದಂತೆ ಹೋಗುತ್ತಿದ್ದೆವು. ಕಾವೇರಿ ಹಾಗಲ್ಲ. ಅದು ಹಿಟ್ಟಿನ ಗಿರಣಿಯಂತೆ, ರೇಷನ್ ಅಂಗಡಿಯಂತೆ ಕೇರಿಯದ್ದು.

ಯಾಕೆ ಹೋಯಿತು ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ: ಮೊಬೈಲು, ಓಟಿಟಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಟಿವಿ ಬಂದಾಗಲೂ ಹೀಗೇ ಹೇಳಿದ್ದರು, ವಿಸಿಆರ್ ಬಂದಾಗಲೂ. ಕಾವೇರಿ ಎರಡನ್ನೂ ದಾಟಿತ್ತು. ಪೆಟ್ಟು ಬಿದ್ದದ್ದು ಲೆಕ್ಕದ ಕಡೆಯಿಂದ. ಸುಮಾರು 1,300 ಆಸನ, ದಿನಕ್ಕೆ ನಾಲ್ಕು ಆಟವೆಂದರೆ ಐದು ಸಾವಿರಕ್ಕೂ ಹೆಚ್ಚು ಟಿಕೆಟ್ಟು. ಅಷ್ಟು ಜನರನ್ನು ವಾರಗಟ್ಟಲೆ ಕರೆತರುವ ಸಿನಿಮಾ ವರ್ಷಕ್ಕೆ ಎಷ್ಟು? ಹಿಂದೆ ಒಂದು ಸಿನಿಮಾ ಊರಿನ ಕೆಲವೇ ಥಿಯೇಟರುಗಳಲ್ಲಿ ಬಿಡುಗಡೆಯಾಗಿ, ಚೆನ್ನಾಗಿದ್ದರೆ ನಿಧಾನಕ್ಕೆ ಬೇರು ಬಿಟ್ಟು, ನೂರು ದಿನ, ಇಪ್ಪತ್ತೈದು ವಾರ ನಿಲ್ಲುತ್ತಿತ್ತು. ಈಗ ನೂರಾರು ತೆರೆಗಳಲ್ಲಿ ಒಂದೇ ದಿನ ಬಂದು, ಶುಕ್ರವಾರ ಶನಿವಾರ ಭಾನುವಾರದೊಳಗೆ ಬರಬೇಕಾದ ದುಡ್ಡು ಬಂದುಹೋಗುತ್ತದೆ. ಸೋಮವಾರ ಬೆಳಿಗ್ಗೆಯ ಆಟಕ್ಕೆ ದೊಡ್ಡ ಹಾಲಿನಲ್ಲಿ ಮೂವತ್ತು ತಲೆ. ಮಲ್ಟಿಪ್ಲೆಕ್ಸು ಅಂಥ ಸಿನಿಮಾವನ್ನು ಚಿಕ್ಕ ಹಾಲಿಗೆ ತಳ್ಳಿ, ದೊಡ್ಡದರಲ್ಲಿ ಬೇರೆಯದನ್ನು ಹಾಕಬಲ್ಲದು. ಒಂದೇ ತೆರೆಯಿರುವವರಿಗೆ ಆ ದಾರಿಯಿಲ್ಲ. ಖಾಲಿ ಹಾಲಿಗೂ ಅಷ್ಟೇ ಕರೆಂಟು, ಅಷ್ಟೇ ಸಂಬಳ.

ಬೆಂಗಳೂರಿಗೆ 2004ರಲ್ಲಿ ಕೋರಮಂಗಲದ ಮಾಲ್‌ನಲ್ಲಿ ಹನ್ನೊಂದು ತೆರೆಗಳ ಮಲ್ಟಿಪ್ಲೆಕ್ಸ್ ಬಂತು. 2010ರಲ್ಲಿ ನಮ್ಮ ಮಗ್ಗುಲಿಗೇ, ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿ ಮಂತ್ರಿ ಮಾಲ್ ತೆರೆಯಿತು. ಮೊದಲು ಹೋದವರು ಬಾಲ್ಕನಿಯವರು. ಕಾರು ನಿಲ್ಲಿಸಲು ಜಾಗ, ತಣ್ಣನೆ ಗಾಳಿ, ಒಳ್ಳೆಯ ಶೌಚಾಲಯ, ಇವನ್ನು ಬಯಸಿದ್ದು ತಪ್ಪು ಎಂದು ನಾನು ಹೇಳಲಾರೆ. ನನ್ನ ಮಗಳನ್ನು ನಾನೂ ಅಲ್ಲಿಗೇ ಕರೆದೊಯ್ದೆ. ಆದರೆ ಬಾಲ್ಕನಿ ಖಾಲಿಯಾದ ಮೇಲೆ ಥಿಯೇಟರಿನ ಆದಾಯ ಮಾತ್ರ ಕಡಿಮೆಯಾಗಲಿಲ್ಲ, ಅದರ ಅರ್ಥವೂ ಕಡಿಮೆಯಾಯಿತು. ಗುಟ್ಟಹಳ್ಳಿ ಒಂದು ಕಡೆ ಸಿನಿಮಾ ನೋಡಿತು, ಸದಾಶಿವನಗರ ಇನ್ನೊಂದು ಕಡೆ. ಆಮೇಲೆ ಟಿಕೆಟ್ಟಿನ ದರ ಎಲ್ಲಿಗೆ ಹೋಯಿತೆಂದರೆ, ವಠಾರದ ಐದು ಜನ ಒಟ್ಟಿಗೆ ಹೋಗುವ ಮಾತೇ ಇಲ್ಲವಾಯಿತು. ಜೊತೆಗೆ ರಸ್ತೆ. ಕಾವೇರಿ ಜಂಕ್ಷನ್‌ನಲ್ಲಿ ಅಂಡರ್‌ಪಾಸು ಬಂತು, ವಿಮಾನ ನಿಲ್ದಾಣಕ್ಕೆ ಓಡುವ ಕಾರುಗಳ ಹೊಳೆ ಬಂತು. ಮಗುವಿನ ಕೈ ಹಿಡಿದು ದಾಟುತ್ತಿದ್ದ ಜಾಗದಲ್ಲಿ ಈಗ ಒಬ್ಬಂಟಿ ಗಂಡಾಳು ದಾಟಲೂ ಎದೆ ಗಟ್ಟಿ ಬೇಕು. ನಡೆದು ಬರುವವರ ಥಿಯೇಟರಿಗೆ ನಡೆದು ಬರುವ ದಾರಿಯನ್ನೇ ಊರು ಮುಚ್ಚಿತು. ಮೊಬೈಲಿಗಿಂತ ಮೊದಲು ಆದದ್ದು ಇದು.

ಮೆಷಿನ್ ಮಾಮನ ಕೆಲಸವೂ ಈ ನಡುವೆಯೇ ಹೋಯಿತು. ಕಾರ್ಬನ್ ಹೋಗಿ ಜೆನಾನ್ ದೀಪ ಬಂದಾಗ ಅವರು ಹೊಂದಿಕೊಂಡಿದ್ದರು. ರೀಲೇ ಹೋಗಿ ಡಿಜಿಟಲ್ ಬಂದಾಗ, ಚುಕ್ಕೆ ನೋಡುವ ಕಣ್ಣು ಬೇಕಿಲ್ಲವಾಯಿತು. ಕೊನೆಯ ವರ್ಷಗಳಲ್ಲಿ ಕಟ್ಟೆಯ ಮೇಲೆ ಕೂತು ಟಿವಿ ನೋಡುವಾಗಲೂ ಅವರ ದೃಷ್ಟಿ ಬಲಮೂಲೆಗೆ ಹೋಗಿ ಬರುತ್ತಿತ್ತು. ಅಲ್ಲಿ ಚಾನೆಲ್ಲಿನ ಗುರುತು ಮಾತ್ರ ಇರುತ್ತಿತ್ತು.

2020ರ ಮಾರ್ಚ್‌ನಲ್ಲಿ ದೇಶದ ಎಲ್ಲ ಥಿಯೇಟರುಗಳೂ ಒಟ್ಟಿಗೆ ಮುಚ್ಚಿದವು. ಏಳು ತಿಂಗಳಾದ ಮೇಲೆ ಅರ್ಧ ಕುರ್ಚಿಗಳ ನಿಯಮದಲ್ಲಿ ಬಾಗಿಲು ತೆರೆಯಿತು. ಜನ ಆಗ ಹೆದರಿದ್ದರು, ಮನೆಯಲ್ಲೇ ನೋಡುವುದನ್ನು ಕಲಿತುಬಿಟ್ಟಿದ್ದರು. ಮುಗಿಯಿತು ಎಂದುಕೊಂಡೆವು. ಆದರೆ 2022ರ ಮಾರ್ಚ್ 17. ಪುನೀತ್ ರಾಜ್‌ಕುಮಾರ್ ತೀರಿಕೊಂಡು ಐದು ತಿಂಗಳೂ ತುಂಬಿರಲಿಲ್ಲ. ಅವರ ಹುಟ್ಟುಹಬ್ಬದ ದಿನ 'ಜೇಮ್ಸ್' ಬಂದಾಗ ರಾಜ್ಯದ ಥಿಯೇಟರುಗಳ ಮುಂದೆ ಹೂವು, ಹಾಲು, ಅನ್ನದಾನ, ಕಣ್ಣೀರು. ಅಪ್ಪ ರಾಜ್‌ಕುಮಾರ್, ಮಗ ಪುನೀತ್ ಇಬ್ಬರ ಮನೆಯೂ ಸದಾಶಿವನಗರದಲ್ಲೇ ಇದ್ದದ್ದರಿಂದ ನಮ್ಮ ಕೇರಿಗೆ ಅದು ಪಕ್ಕದ ಬೀದಿಯ ಸಾವು. ಆ ವರ್ಷವೇ 'ಕೆಜಿಎಫ್' ಎರಡನೇ ಭಾಗ ಬಂತು, 'ಕಾಂತಾರ' ಬಂತು. ಅಮ್ಮನಂಥವರೂ ಮತ್ತೆ ಥಿಯೇಟರಿಗೆ ಹೋದರು. ಜನ ಬರುವುದಿಲ್ಲ ಎನ್ನುವುದು ಸುಳ್ಳು ಎಂದು ಆ ವರ್ಷ ತೋರಿಸಿತು. ಆದರೆ ಥಿಯೇಟರು ಉಳಿಯಲು ವರ್ಷಕ್ಕೆ ಮೂರು ಜಾತ್ರೆ ಸಾಲದು, ವಾರದ ಸಂತೆ ಬೇಕು. 2024ರ ಬೇಸಿಗೆಯಲ್ಲಿ ಚುನಾವಣೆ, ಕ್ರಿಕೆಟ್ಟು, ಹೇಳಿಕೊಳ್ಳುವಂಥ ಹೊಸ ಸಿನಿಮಾ ಇಲ್ಲ. ಅಷ್ಟು ಬೆಲೆಬಾಳುವ ನೆಲದ ಮೇಲೆ ಕಾವೇರಿ ಇಷ್ಟು ದಿನ ನಿಂತದ್ದೇ ಹೆಚ್ಚು. ಐವತ್ತು ವರ್ಷ ನಡೆಸಿದವರ ಮೇಲೆ ನನಗೆ ಕೃತಜ್ಞತೆ ಬಿಟ್ಟು ಬೇರೇನೂ ಇಲ್ಲ.

ನನ್ನ ನೋವು ಊರಿನ ಮೇಲೆ. ಕೇರಳದಲ್ಲಿ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವೇ ಥಿಯೇಟರುಗಳನ್ನು ಇಟ್ಟುಕೊಂಡು ನಡೆಸುತ್ತದೆ. ತಿರುವನಂತಪುರದ ಕೈರಳಿಯಲ್ಲಿ ನಾನು ಸಿನಿಮಾ ನೋಡಿದ್ದೇನೆ. ಜೈಪುರದ ರಾಜಮಂದಿರ್ 1976ರದ್ದು, ಕಾವೇರಿಗಿಂತ ಎರಡು ವರ್ಷ ಚಿಕ್ಕದು. ಅರಮನೆ ನೋಡಲು ಹೋದವರು ಅದನ್ನೂ ನೋಡಿ ಬರುತ್ತಾರೆ. ನಾವು ಚಿತ್ರೋದ್ಯಮಕ್ಕೆ ಪ್ರಶಸ್ತಿ ಕೊಡುತ್ತೇವೆ, ಸಬ್ಸಿಡಿ ಕೊಡುತ್ತೇವೆ. ಸಿನಿಮಾ ಎಲ್ಲಿ ಕೂತು ನೋಡಬೇಕು ಎಂಬುದು ಯಾರ ಚಿಂತೆಯೂ ಆಗಲಿಲ್ಲ. ಗ್ರಂಥಾಲಯ ಕೇರಿಗೊಂದು ಬೇಕೆಂದು ಒಪ್ಪುವ ನಾವು ಥಿಯೇಟರನ್ನು ಬರೀ ವ್ಯಾಪಾರವೆಂದುಕೊಂಡೆವು. ನಮ್ಮ ವಠಾರದ ಹೆಂಗಸರಲ್ಲಿ ಗ್ರಂಥಾಲಯದ ಮೆಟ್ಟಿಲು ಹತ್ತಿದವರು ಒಬ್ಬರೂ ಇರಲಿಲ್ಲ. ಅವರು ಲೋಕ ಕಂಡದ್ದು ಕಾವೇರಿಯ ಕತ್ತಲೆಯಲ್ಲಿ.

ತಗಡಿನ ಸಂದಿನಿಂದ ನೋಡಿ ಬಂದ ಸಂಜೆ ಅಮ್ಮನಿಗೆ ಹೇಳಿದೆ. ಅವಳು ಇನ್ನೂ ಗುಟ್ಟಹಳ್ಳಿಯಲ್ಲೇ ಇದ್ದಾಳೆ, ಅದೇ ಬೀದಿ, ವಠಾರ ಹೋಗಿ ಮೂರು ಅಂತಸ್ತಾಗಿದೆ. ಆಗ ಎಪ್ಪತ್ತನಾಲ್ಕು ಅವಳಿಗೆ.

"ಬಾಲ್ಕನಿ ಬಿತ್ತಾ?" ಎಂದು ಕೇಳಿದಳು.

"ಇಲ್ಲ, ಇನ್ನೂ ಸ್ವಲ್ಪ ಇದೆ."

"ಹಾಗಾದ್ರೆ ನಾಳೆ ನನ್ನೂ ಕರ್ಕೊಂಡು ಹೋಗೇ. ಬಾಲ್ಕನೀಲಿ ಒಂದು ಸಲಾನೂ ಕೂತಿಲ್ಲ ನಾನು. ಅದನ್ನಾದ್ರೂ ನೋಡ್ತೀನಿ."

ಮರುದಿನ ಬೆಳಿಗ್ಗೆ ಆಟೋದಲ್ಲಿ ಹೋದೆವು. ಯಂತ್ರದ ಸದ್ದಿಗೆ ಕಿವಿ ಮುಚ್ಚಿಕೊಂಡು, ಸಂದಿಗೆ ಮುಖ ಒತ್ತಿ ನಿಂತಳು. ಬಾಲ್ಕನಿಯ ಒಂದು ತುಂಡು, ಕಂಬಿಗಳು ಹೊರಗೆ ಚಾಚಿಕೊಂಡು, ಗಾಳಿಯಲ್ಲಿ ನಿಂತಿತ್ತು. "ಅಷ್ಟೇನೂ ಎತ್ತರ ಇಲ್ವಲ್ಲ" ಎಂದಳು. ದೂಳಿಗೆ ಸೆರಗು ಮೂಗಿಗೆ ಹಿಡಿದಳು. ಕಾವಲಿನ ಹುಡುಗ, ಉತ್ತರದ ಕಡೆಯವನು, "ಅಮ್ಮಾ, ಹೊರಡಿ, ಕಲ್ಲು ಬೀಳತ್ತೆ" ಎಂದು ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದ.

ನಾನು ಆಟೋ ಕೂಗಿದೆ. ಅಮ್ಮ ಬೇಡವೆಂದಳು. "ಸಿನಿಮಾ ನೋಡಿ ಆಟೋದಲ್ಲಿ ಹೋದೋರುಂಟೇನೇ?"

ನಡೆದೆವು. ರಸ್ತೆ ದಾಟಲು ಪೊಲೀಸಿನವರು ಕೈ ಅಡ್ಡ ಹಿಡಿದು ಸಹಾಯ ಮಾಡಿದರು. ಗಲ್ಲಿಗೆ ಹೊರಳಿದ ಮೇಲೆ ಸದ್ದು ಹಿಂದೆ ಉಳಿಯಿತು. ಅಮ್ಮ ತಾನಾಗಿಯೇ ಶುರು ಮಾಡಿದಳು. ಕುರಿ ಕಾಯುವ ಹುಡುಗ, ಅವನನ್ನು ಹುಡುಕಿಕೊಂಡು ಬರುವ ಸಿರಿವಂತರು, ದೊಡ್ಡ ಮನೆ, ಅವನ ಮಾತಿಗೆ ಅಲ್ಲಿಯವರು ನಗುವುದು. ಐವತ್ತು ವರ್ಷದ ಹಿಂದೆ ನೋಡಿದ್ದನ್ನು ನಿನ್ನೆ ನೋಡಿದಂತೆ ಹೇಳುತ್ತಿದ್ದಳು. ನಡುವೆ ಟಿವಿಯಲ್ಲೂ ನೋಡಿರಬೇಕು, ಆದರೆ ಅವಳು ಹೇಳಿದ್ದು ಕಾವೇರಿಯಲ್ಲಿ ನೋಡಿದ್ದನ್ನು. "ಇಲ್ಲಿ ಕೊನೆಮನೆಯವಳು ಎಷ್ಟು ಅತ್ತಳು ಗೊತ್ತಾ" ಎಂದು ಸೇರಿಸುತ್ತಿದ್ದಳು. "ಇಲ್ಲಿ ನೀನು ಉಚ್ಚೆ ಅಂದೆ, ನಾನು ಒಂದು ಹಾಡು ಬಿಟ್ಟೆ." ಎರಡು ಕಡೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡಳು, ಕೂತಲ್ಲೂ ಕಥೆ ನಿಲ್ಲಿಸಲಿಲ್ಲ.

ಮನೆ ಬಂತು. ಗೇಟು ತೆಗೆದು ಹಿಡಿದೆ. ಅಮ್ಮ ಒಳಗೆ ಬರಲಿಲ್ಲ. ಗೇಟಿನ ಕಂಬಕ್ಕೆ ಕೈ ಊರಿ ನಿಂತಳು. "ತಡಿ, ಇನ್ನೂ ಸ್ವಲ್ಪ ಇದೆ" ಎಂದಳು.